ಕೊಂದವರಿಗೆ ಯಾರಿಗೆ ಶಿಕ್ಷೆಯಾಯಿತು? 1948ರ ನಮ್ಮ ಸೀಮೆ ಮತ್ತು ಕೆಲವು ಸಣ್ಣ ರಾಷ್ಟ್ರಗಳು

ಪ್ರತಿ ವರ್ಷ ಸೆಪ್ಟೆಂಬರ್ 17 ಬಂದಾಗ ನನಗೆ ಒಬ್ಬ ಹುಡುಗನ ನೆನಪಾಗುತ್ತದೆ. 2004ನೆಯ ಇಸವಿ ಇರಬೇಕು. ನಾನಾಗ ಸೇಡಂ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನದ ಶಿಕ್ಷಕನಾಗಿದ್ದೆ. ಹೈದರಾಬಾದ್ ಕರ್ನಾಟಕ ವಿಮೋಚನಾ ದಿನದ ಧ್ವಜಾರೋಹಣ ಮುಗಿದು, ಬೂಂದಿ ಹಂಚಿಕೆಯೂ ಆಗಿ, ಹತ್ತನೆಯ ತರಗತಿಯ ಮಕ್ಕಳ ಮುಂದೆ ಅರ್ಧ ಗಂಟೆ ಮಾತನಾಡಿದ್ದೆ. ರಜಾಕಾರರ ಹಾವಳಿ, ಸ್ವಾಮಿ ರಮಾನಂದ ತೀರ್ಥರ ಹೋರಾಟ, ಗಡಿ ಶಿಬಿರಗಳು, ಸರ್ದಾರ್ ಪಟೇಲರ ದೃಢ ನಿರ್ಧಾರ, ಐದು ದಿನಗಳ ಪೊಲೀಸ್ ಕಾರ್ಯಾಚರಣೆ, ಎಲ್ಲವೂ ಬಂದಿದ್ದವು. ಹಿಂದಿನ ಬೆಂಚಿನಿಂದ ಒಬ್ಬ ಎದ್ದು ನಿಂತ. ಸಾಮಾನ್ಯವಾಗಿ ಬಾಯಿ ಬಿಡದ ಹುಡುಗ.

“ಅಷ್ಟು ಮಂದಿ ಸತ್ತ್ರು ಅಂದ್ರಲ್ರಿ ಸರ್, ಕೊಂದವರಿಗೆ ಯಾರಿಗೆ ಶಿಕ್ಷಾ ಆಯ್ತ್ರಿ?”

ಖಾಸಿಂ ರಜವಿಗೆ ಜೈಲಾಯಿತು ಎಂದೆ. “ಒಬ್ಬನಿಗೇ ಏನ್ರಿ?” ಎಂದ. ಅಷ್ಟರಲ್ಲಿ ಗಂಟೆ ಹೊಡೆಯಿತು. ಗಂಟೆ ನನ್ನ ಮಾನ ಕಾಪಾಡಿತು ಎನ್ನಬೇಕು. ಏಕೆಂದರೆ ನನ್ನಲ್ಲಿ ಉತ್ತರವಿರಲಿಲ್ಲ. ನಿವೃತ್ತನಾದ ಮೇಲೆ ಸಮಯ ಧಾರಾಳವಾಗಿ ದೊರೆತು, ಸಿಕ್ಕಿದ್ದನ್ನೆಲ್ಲ ಓದತೊಡಗಿದಾಗ, ಆ ಪ್ರಶ್ನೆ ನಮ್ಮ ಸೇಡಂನಿಂದ ಹೊರಟು ಪ್ಯಾರಿಸ್, ಪನಾಮ, ಟ್ರಿನಿಡಾಡ್‌ಗಳವರೆಗೆ ಹೋಗುತ್ತದೆಂದು ತಿಳಿಯಿತು. ಅದನ್ನೇ ಇಲ್ಲಿ ಬರೆದಿಡುತ್ತಿದ್ದೇನೆ.

ನಮ್ಮ ಸೀಮೆಯನ್ನು ಅರಿಯದ ಓದುಗರಿಗಾಗಿ ಎರಡು ಮಾತು. ವಾಡಿ ಜಂಕ್ಷನ್ನಿನಲ್ಲಿ ಮುಂಬಯಿ-ರಾಯಚೂರು ಮಾರ್ಗದಿಂದ ಒಂದು ಕವಲು ಒಡೆಯುತ್ತದೆ. 1874ರಲ್ಲಿ ತೆರೆದ ಈ ಕವಲೇ ನಿಜಾಮರ ರೈಲು. ಚಿತ್ತಾಪುರ, ಮಳಖೇಡ, ಸೇಡಂ ದಾಟಿ ಸಿಕಂದರಾಬಾದಿಗೆ ಹೋಗುತ್ತದೆ. ವಾಡಿಯ ಆಚೆ, ಮುಂಬಯಿ ದಿಕ್ಕಿನಲ್ಲಿ, ಫರಸಿ ಕಲ್ಲಿಗೆ ಹೆಸರಾದ ಶಹಾಬಾದ್. ರೈಲು ಕಾಣದ ಚಿಂಚೋಳಿ ಉತ್ತರಕ್ಕೆ, ಕಾಡು-ಗುಡ್ಡಗಳ ಸೆರಗಿನಲ್ಲಿ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಈ ನೆಲ 1948ರಲ್ಲಿ ನಿಜಾಮರ ಗುಲ್ಬರ್ಗ ಜಿಲ್ಲೆಯ ಭಾಗ. 1947ರ ಆಗಸ್ಟ್ 15ರಂದು ದೇಶಕ್ಕೆಲ್ಲ ಬಂದ ಸ್ವಾತಂತ್ರ್ಯ ವಾಡಿ ಜಂಕ್ಷನ್ನಿನಲ್ಲಿ ಇಳಿಯಲಿಲ್ಲ ಎಂದು ನನ್ನ ಮುತ್ಯಾ ಹೇಳುತ್ತಿದ್ದರು.

ನನ್ನ ಆಯಿ ಆ ವರ್ಷದ ಕಥೆಯನ್ನು ನೂರು ಸಲ ಹೇಳಿದ್ದಾಳೆ. ರಜಾಕಾರರು ಬರುತ್ತಾರೆಂಬ ಸುದ್ದಿ ಬಂದ ರಾತ್ರಿ ಎರಡು ಕೂಸುಗಳನ್ನು ಎತ್ತಿಕೊಂಡು ಖಾಲಿ ಹಗೇವಿನೊಳಗೆ ಇಳಿದದ್ದು, ಮೇಲೆ ಬಣವಿಯ ಸೊಪ್ಪೆ ಹೊದಿಸಿದ್ದು, ಹಳೆಯ ಜೋಳದ ಬಿಸಿ ವಾಸನೆಗೆ ಉಸಿರು ಕಟ್ಟಿದ್ದು. ಬೆಳಗಾಗಿ ಮೇಲೆ ಬಂದಾಗ ಓಣಿಯ ತುದಿಯ ಮೂರು ಮನೆಗಳು ಸುಟ್ಟಿದ್ದವಂತೆ. ಇದು ಕಥೆಯ ಒಂದು ಭಾಗ. ಎರಡನೆಯ ಭಾಗವನ್ನು ಆಕೆ ಒಮ್ಮೆ ಮಾತ್ರ ಹೇಳಿದಳು. ಅದೂ ಕಣ್ಣು ಕಾಣದಾದ ಮೇಲೆ, ಕಡೆಯ ವರ್ಷದಲ್ಲಿ. ಅದೇ ಹಗೇವಿನಲ್ಲಿ, ನಾಲ್ಕು ತಿಂಗಳ ನಂತರ, ಪೊಲೀಸ್ ಆ್ಯಕ್ಷನ್ ಆದ ವಾರದಲ್ಲಿ, ನಮ್ಮ ಮುತ್ಯಾ ಪಕ್ಕದ ಪಿಂಜಾರರ ಮನೆಯ ಹೆಣ್ಣುಮಕ್ಕಳನ್ನು ಇಳಿಸಿ ಸೊಪ್ಪೆ ಹೊದಿಸಿದ್ದರಂತೆ. “ಅವರ ಗಂಡಸರು?” ಎಂದು ಕೇಳಿದೆ. ಆಯಿ ಉತ್ತರಿಸಲಿಲ್ಲ.

ನಮ್ಮ ಶಾಲೆಯಲ್ಲಿ ಒಬ್ಬ ಉರ್ದು ಮೇಷ್ಟ್ರಿದ್ದರು. ಪ್ರತಿ ಸೆಪ್ಟೆಂಬರ್ 17ರಂದು ಎಲ್ಲರಿಗಿಂತ ಮೊದಲು ಬಂದು, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ನಿಂತು, ಧ್ವಜಕ್ಕೆ ವಂದಿಸಿ, ನನ್ನ ಭಾಷಣ ಆರಂಭವಾಗುವ ಮುಂಚೆ ಹಾಜರಿ ಪುಸ್ತಕ ಹಿಡಿದು ಸ್ಟಾಫ್ ರೂಮಿಗೆ ಹೋಗಿಬಿಡುತ್ತಿದ್ದರು. ಹದಿನಾರು ವರ್ಷ ಜೊತೆಯಲ್ಲಿ ಚಹಾ ಕುಡಿದ ಮೇಲೆ ಒಂದು ದಿನ, ಏನೋ ಮಾತಿಗೆ ಮಾತು ಬಂದು, ತಮ್ಮ ಅಜ್ಜ 1948ರಲ್ಲಿ ಸಂತೆಗೆಂದು ಹೋದವರು ಹಿಂದಿರುಗಲಿಲ್ಲ ಎಂದಷ್ಟೇ ಹೇಳಿದರು. ಸಂತೆ ಯಾವ ಊರಿನದೆಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ನನ್ನ ಭಾಷಣದಲ್ಲಿ ಮಾರ್ಚ್‌ನಿಂದ ಸೆಪ್ಟೆಂಬರ್ 17ರವರೆಗಿನ ಸಾವುಗಳು ಇರುತ್ತಿದ್ದವು. 18ರ ನಂತರದವು ಇರುತ್ತಿರಲಿಲ್ಲ. ಇದು ನನ್ನದೇ ತಪ್ಪು. ಪಠ್ಯಪುಸ್ತಕದ ಮೇಲೆ ಹಾಕಿ ತಪ್ಪಿಸಿಕೊಳ್ಳಲಾರೆ.

ಆ ಹುಡುಗನ ಪ್ರಶ್ನೆಗೆ ಈಗ ಬರುತ್ತೇನೆ. ಖಾಸಿಂ ರಜವಿ ಲಾತೂರಿನ ವಕೀಲ. ರಜಾಕಾರ ಪಡೆಯ ನಾಯಕ. ಇಡೀ ಸಂಸ್ಥಾನವನ್ನು ನಡುಗಿಸಿದ ಪಡೆಯ ನಾಯಕನಿಗೆ ಕೊನೆಗೆ ಶಿಕ್ಷೆಯಾದದ್ದು ಯಾವ ಅಪರಾಧಕ್ಕೆ ಎಂದು ಎಷ್ಟು ಜನರಿಗೆ ಗೊತ್ತು? ದರೋಡೆಗೆ. ನಲ್ಗೊಂಡ ಜಿಲ್ಲೆಯ ಬೀಬಿನಗರದಲ್ಲಿ 1948ರ ಜನವರಿಯಲ್ಲಿ ನಡೆದ ಸುಲಿಗೆಯ ಪ್ರಕರಣವದು. ವಿಶೇಷ ನ್ಯಾಯಮಂಡಳಿ ವಿಚಾರಣೆ ನಡೆಸಿತು, 1953ರಲ್ಲಿ ಸುಪ್ರೀಂ ಕೋರ್ಟು ಶಿಕ್ಷೆಯನ್ನು ಎತ್ತಿಹಿಡಿಯಿತು, 1957ರಲ್ಲಿ ಬಿಡುಗಡೆಯಾದ ರಜವಿ ಪಾಕಿಸ್ತಾನಕ್ಕೆ ಹೋದ. ಪ್ರಧಾನಿಯಾಗಿದ್ದ ಲಾಯಕ್ ಅಲಿ ಅದಕ್ಕೂ ಮೊದಲೇ, 1950ರಲ್ಲಿ, ಗೃಹಬಂಧನದಿಂದ ತಪ್ಪಿಸಿಕೊಂಡು ಅಲ್ಲಿಗೆ ಸೇರಿದ್ದ. ಊರಿಗೆ ಊರನ್ನೇ ಬೆದರಿಸಿ, ಸುಟ್ಟು, ಕೊಂದದ್ದಕ್ಕೆ ಅಂದಿನ ದಂಡ ಸಂಹಿತೆಯಲ್ಲಿ ಇದ್ದ ಹೆಸರುಗಳು ಕೊಲೆ, ದರೋಡೆ, ಬೆಂಕಿ ಇಡುವುದು, ಇಷ್ಟೇ. ಒಬ್ಬೊಬ್ಬ ಸತ್ತವನಿಗೆ ಒಬ್ಬ ಸಾಕ್ಷಿ ಬೇಕು. ಹೊಲದಲ್ಲಿ ಬಿದ್ದ ಹೆಣಕ್ಕೆ ಸಾಕ್ಷಿ ಎಲ್ಲಿಂದ ಬರಬೇಕು?

ಸೆಪ್ಟೆಂಬರ್ 18ರ ನಂತರದ ಸಾವುಗಳಿಗಾದರೋ ಆ ದರೋಡೆ ಪ್ರಕರಣದಂಥದ್ದೂ ನನ್ನ ಓದಿನಲ್ಲಿ ಸಿಗಲಿಲ್ಲ. ಆದರೆ ಒಂದು ವರದಿ ಆಯಿತು. ಪ್ರಧಾನಿ ನೆಹರೂ ಅವರ ಕೋರಿಕೆಯ ಮೇಲೆ ಪಂಡಿತ ಸುಂದರಲಾಲ್, ಖಾಜಿ ಅಬ್ದುಲ್ ಗಫಾರ್, ಮೌಲಾನಾ ಅಬ್ದುಲ್ಲಾ ಮಿಸ್ರಿ ಮೂವರೂ 1948ರ ನವೆಂಬರ್ 29ರಂದು ಹೈದರಾಬಾದಿಗೆ ಬಂದು ಡಿಸೆಂಬರ್ 21ರವರೆಗೆ ಸುತ್ತಾಡಿದರು. ಹದಿನಾರು ಜಿಲ್ಲೆಗಳ ಪೈಕಿ ಒಂಬತ್ತನ್ನು ನೋಡಿದರು. ಅತಿ ಹೆಚ್ಚು ಪೆಟ್ಟು ತಿಂದ ನಾಲ್ಕು ಜಿಲ್ಲೆಗಳೆಂದು ಅವರು ಹೆಸರಿಸಿದ್ದು ಉಸ್ಮಾನಾಬಾದ್, ಗುಲ್ಬರ್ಗ, ಬೀದರ್, ನಾಂದೇಡ್. ಆ ನಾಲ್ಕರಲ್ಲೇ ಸತ್ತವರು 18,000ಕ್ಕೆ ಕಡಿಮೆಯಿಲ್ಲ, ಇಡೀ ಸಂಸ್ಥಾನದಲ್ಲಿ 27,000ದಿಂದ 40,000 ಎಂದು ಅವರ ಅಂದಾಜು. ರಜಾಕಾರರ ಕ್ರೌರ್ಯವನ್ನೂ ಅವರು ಮರೆಮಾಚಲಿಲ್ಲ. ಹಿಂದೂ ನೇಕಾರರು ಕೆಲವೆಡೆ ತಮ್ಮ ಮುಸ್ಲಿಂ ಕಸುಬುದಾರ ಬಂಧುಗಳನ್ನು ಪ್ರಾಣ ಕೊಟ್ಟು ಕಾಪಾಡಿದ್ದನ್ನೂ ದಾಖಲಿಸಿದರು. ಅದನ್ನು ಓದುವಾಗ ನನಗೆ ನಮ್ಮ ಹಗೇವು ಕಣ್ಣ ಮುಂದೆ ಬಂತು. ಈ ವರದಿ ಸಾರ್ವಜನಿಕರ ಕೈಗೆ ಸಿಕ್ಕದ್ದು 2013ರಲ್ಲಿ, ಅರವತ್ತೈದು ವರ್ಷಗಳ ನಂತರ. ಅಷ್ಟರಲ್ಲಿ ಕೇಳಬೇಕಾದ ಉರ್ದು ಮೇಷ್ಟ್ರು ತೀರಿಕೊಂಡಿದ್ದರು.

ಇನ್ನು ಪ್ಯಾರಿಸ್ಸಿನ ಕಥೆ. 1948ರ ಆ ಶರತ್ಕಾಲದಲ್ಲಿ ವಿಶ್ವಸಂಸ್ಥೆ ಪ್ಯಾರಿಸ್ಸಿನ ಶಾಯೋ ಅರಮನೆಯಲ್ಲಿ ಸಭೆ ಸೇರಿತ್ತು. ಆಗಸ್ಟ್ 21ರಂದು ನಿಜಾಮ ಸರ್ಕಾರ ಭಾರತದ ವಿರುದ್ಧ ಭದ್ರತಾ ಮಂಡಳಿಗೆ ದೂರು ಕೊಟ್ಟಿತು. ತಾನೊಂದು ಸಣ್ಣ ಸ್ವತಂತ್ರ ದೇಶ, ದೊಡ್ಡ ನೆರೆಯವನು ಬೆದರಿಸುತ್ತಿದ್ದಾನೆ ಎಂಬುದು ಅದರ ವಾದ. ಸೆಪ್ಟೆಂಬರ್ 16ರಂದು, ಇಲ್ಲಿ ಸೈನ್ಯ ನುಗ್ಗಿ ನಾಲ್ಕನೆಯ ದಿನ, ಅಲ್ಲಿ ವಿಷಯವನ್ನು ಚರ್ಚೆಗೆ ತೆಗೆದುಕೊಳ್ಳಬೇಕೆಂದು ಎಂಟು ಮತಗಳು ಬಿದ್ದವು. ಸೋವಿಯತ್ ಒಕ್ಕೂಟ, ಉಕ್ರೇನ್, ಚೀನಾ ತಟಸ್ಥ. ಹೈದರಾಬಾದಿನ ಪರ ಮಾತನಾಡಿದವರು ನವಾಬ್ ಮೊಯಿನ್ ನವಾಜ್ ಜಂಗ್. ಭಾರತದ ಪರ ಎದ್ದವರು ಸರ್ ಎ. ರಾಮಸ್ವಾಮಿ ಮೊದಲಿಯಾರ್, ಅಂದು ಮೈಸೂರಿನ ದಿವಾನರು! ಒಡೆದ ಕನ್ನಡನಾಡಿನ ಎರಡು ತುಂಡುಗಳ ಪ್ರತಿನಿಧಿಗಳು ಪ್ಯಾರಿಸ್ಸಿನ ಒಂದೇ ಮೇಜಿನ ಎರಡು ಬದಿ. ಇಬ್ಬರ ಬಾಯಲ್ಲೂ ಕನ್ನಡ ಬರಲಿಲ್ಲ, ಅದು ಬೇರೆ ಮಾತು.

ಆ ಚರ್ಚೆಯಲ್ಲಿ ಅರ್ಜೆಂಟೀನಾದಂಥ ಕೆಲವು ದೇಶಗಳು ಹೈದರಾಬಾದಿನ ದೂರನ್ನು ಗಟ್ಟಿಯಾಗಿ ಬೆಂಬಲಿಸಿದವು. ಆದರೆ ಚರ್ಚೆ ಸಿಂಹಾಸನದ ಬಗ್ಗೆ. ಹೈದರಾಬಾದ್ ದೇಶವೋ ಸಂಸ್ಥಾನವೋ, ದೂರು ಕೊಡುವ ಅಧಿಕಾರ ಅದಕ್ಕುಂಟೋ ಇಲ್ಲವೋ ಎಂಬುದರ ಬಗ್ಗೆ. ಸಣ್ಣ ರಾಷ್ಟ್ರದ ಹಕ್ಕು ಎಂದು ವಾದಿಸಿದ ನಿಜಾಮ ಸರ್ಕಾರ ತನ್ನದೇ ಪ್ರಜೆಗಳನ್ನು ರಜಾಕಾರರ ಕೈಗೆ ಬಿಟ್ಟಿತ್ತು ಎಂಬುದನ್ನು ಮರೆಯಬಾರದು. ಸೆಪ್ಟೆಂಬರ್ 22ರಂದು ನಿಜಾಮರು ದೂರನ್ನು ಹಿಂತೆಗೆದುಕೊಂಡು ತಂತಿ ಕಳುಹಿಸಿದರು. ಆದರೂ ‘ಹೈದರಾಬಾದ್ ಪ್ರಶ್ನೆ’ ಎಂಬ ಶೀರ್ಷಿಕೆ ಮಂಡಳಿಯ ಪಟ್ಟಿಯಲ್ಲಿ ದಶಕಗಳ ಕಾಲ ಉಳಿಯಿತು.

ನನ್ನನ್ನು ಬೆರಗುಗೊಳಿಸಿದ ಸಂಗತಿ ಬೇರೆ. ಅದೇ ಅರಮನೆಯಲ್ಲಿ, ಅದೇ ಅಧಿವೇಶನದಲ್ಲಿ, 1948ರ ಡಿಸೆಂಬರ್ 9ರಂದು ಮಹಾಸಭೆ ಜನಾಂಗಹತ್ಯೆ ತಡೆ ಮತ್ತು ಶಿಕ್ಷೆಯ ಒಡಂಬಡಿಕೆಯನ್ನು ಸರ್ವಾನುಮತದಿಂದ ಒಪ್ಪಿತು. ಆ ದಿನ ಸುಂದರಲಾಲರೂ ಸಂಗಡಿಗರೂ ನಮ್ಮ ಕಡೆಯ ಊರೂರು ಅಲೆದು ವಿಧವೆಯರ ಹೇಳಿಕೆ ಬರೆದುಕೊಳ್ಳುತ್ತಿದ್ದ ಮೂರು ವಾರಗಳ ನಡುವಣ ಒಂದು ದಿನ! ನಮ್ಮಲ್ಲಿ ನಡೆದದ್ದಕ್ಕೆ ‘ಜನಾಂಗಹತ್ಯೆ’ ಎಂಬ ಪದ ಸಲ್ಲುತ್ತದೆಂದು ನಾನು ಹೇಳುತ್ತಿಲ್ಲ. ಅದನ್ನು ನಿರ್ಧರಿಸುವುದು ನ್ಯಾಯಾಲಯದ ಕೆಲಸ, ನಿವೃತ್ತ ಮೇಷ್ಟ್ರದ್ದಲ್ಲ. ಆದರೆ ಗುಂಪು ಗುಂಪಾಗಿ ಕೊಲ್ಲುವುದು ದರೋಡೆಗಿಂತ ಬೇರೆಯೇ ಆದ ಅಪರಾಧ, ಕೊಂದವನು ರಾಜನಾಗಲಿ ಸಿಪಾಯಿಯಾಗಲಿ ಶಿಕ್ಷೆಗೆ ಗುರಿಯಾಗಬೇಕು ಎಂದು ಲೋಕ ಒಡಂಬಡಿಕೆಯ ರೂಪದಲ್ಲಿ ಮೊದಲ ಬಾರಿ ಒಪ್ಪಿದ್ದು ಆ ದಿನ.

ಈ ಒಡಂಬಡಿಕೆಯ ಬೀಜ ಬಿತ್ತಿದವರಾರು? ರಫಾಯೆಲ್ ಲೆಮ್ಕಿನ್ ಎಂಬ ಪೋಲೆಂಡಿನ ಯಹೂದಿ ವಕೀಲ. ಹಿಟ್ಲರನ ಕಾಲದಲ್ಲಿ ತನ್ನ ಬಂಧುಗಳಲ್ಲಿ ಬಹುತೇಕರನ್ನು ಕಳೆದುಕೊಂಡ ಆತ ಈ ಅಪರಾಧಕ್ಕೆ ಹೆಸರಿಟ್ಟದ್ದು 1944ರಲ್ಲಿ. 1946ರಲ್ಲಿ ವಿಶ್ವಸಂಸ್ಥೆಯ ಮೊಗಸಾಲೆಗಳಲ್ಲಿ ಕಂಡಕಂಡ ಪ್ರತಿನಿಧಿಗಳ ಬೆನ್ನು ಹತ್ತಿ ಅಲೆದ. ನಿರ್ಣಯದ ಕರಡಿಗೆ ತಮ್ಮ ಹೆಸರು ಕೊಟ್ಟ ದೇಶಗಳು ಮೂರು: ಕ್ಯೂಬಾ, ಪನಾಮ, ಮತ್ತು ಇನ್ನೂ ಸ್ವತಂತ್ರವೇ ಆಗಿರದ ಭಾರತ. ಅಂದಿನ ನಮ್ಮ ನಿಯೋಗದ ನಾಯಕಿ ವಿಜಯಲಕ್ಷ್ಮಿ ಪಂಡಿತ್. 1946ರ ಡಿಸೆಂಬರ್ 11ರಂದು ನಿರ್ಣಯ ಅಂಗೀಕಾರವಾಯಿತು. ಅದೇ ವಾರ, ದಕ್ಷಿಣ ಆಫ್ರಿಕಾದ ಭಾರತೀಯರ ಪರವಾಗಿ ನಮ್ಮ ದೇಶ ತಂದ ಇನ್ನೊಂದು ನಿರ್ಣಯವೂ ಗೆದ್ದಿತ್ತು. ಆಗ ನಾವೂ ಒಂದು ಬಗೆಯಲ್ಲಿ ಸಣ್ಣ ರಾಷ್ಟ್ರವೇ. ಸೈನ್ಯದಿಂದ ಆಗದ್ದನ್ನು ಕಾನೂನಿನಿಂದ ಮಾಡಿಸಬಹುದೆಂಬ ನಂಬಿಕೆ ಇದ್ದ ಕಾಲ.

ಪನಾಮದ ರಿಕಾರ್ಡೋ ಅಲ್ಫಾರೋ ಎಂಬವರ ಬಗ್ಗೆ ಒಂದು ಮಾತು ಹೇಳಲೇಬೇಕು. ಒಡಂಬಡಿಕೆ ಅಪರಾಧವನ್ನು ಹೆಸರಿಸಿತು; ವಿಚಾರಿಸುವ ನ್ಯಾಯಾಲಯ ಎಲ್ಲಿ? ಅಂತರರಾಷ್ಟ್ರೀಯ ಕಾನೂನು ಆಯೋಗ ಈ ಪ್ರಶ್ನೆಯನ್ನು ಪರಿಶೀಲಿಸಲು ನೇಮಿಸಿದ ಇಬ್ಬರಲ್ಲಿ ಅಲ್ಫಾರೋ ಒಬ್ಬರು. ಅಂಥ ನ್ಯಾಯಾಲಯ ಬೇಕು, ಸಾಧ್ಯವೂ ಹೌದು ಎಂದು ಅವರು ವಾದಿಸಿದರು. 1950ರಲ್ಲಿ ಆಯೋಗವೂ ಅದನ್ನೇ ಹೇಳಿತು. ಆ ಮೊದಲ ಆಯೋಗದಲ್ಲಿ ಭಾರತದ ಸದಸ್ಯರಾಗಿದ್ದವರು ನಮ್ಮ ಮಂಗಳೂರಿನ ಬೆನಗಲ್ ನರಸಿಂಗ ರಾವ್, ಸಂವಿಧಾನದ ಮೊದಲ ಕರಡನ್ನು ಸಿದ್ಧಪಡಿಸಿದ ಸಲಹೆಗಾರರು. ಅಲ್ಲಿಂದ ಮುಂದೆ ದೊಡ್ಡವರ ಶೀತಲ ಸಮರ ಅಡ್ಡ ಬಂತು. ಕಡತ ಕಪಾಟು ಸೇರಿತು, ನಮ್ಮ ಸುಂದರಲಾಲ್ ವರದಿ ಸೇರಿದ ಹಾಗೆ.

ಮೂವತ್ತೊಂಬತ್ತು ವರ್ಷಗಳ ನಂತರ ಆ ಕಪಾಟಿನ ಬೀಗ ತೆಗೆದದ್ದು ಮತ್ತೆ ಒಂದು ಸಣ್ಣ ದೇಶ. ಟ್ರಿನಿಡಾಡ್ ಮತ್ತು ಟೊಬ್ಯಾಗೊ. ವೆಸ್ಟ್ ಇಂಡೀಸ್ ಕ್ರಿಕೆಟ್ಟಿನ ಮೂಲಕ ನಮಗೆ ಪರಿಚಿತವಾದ ದ್ವೀಪ. ಕಬ್ಬಿನ ಗದ್ದೆಗೆಂದು ಹಡಗು ಹತ್ತಿದ ಗಿರಮಿಟಿಯಾಗಳ ಮೊಮ್ಮಕ್ಕಳು ಇಂದಿಗೂ ಅಲ್ಲಿನ ಜನಸಂಖ್ಯೆಯ ಮೂರನೆಯ ಒಂದಕ್ಕಿಂತ ಹೆಚ್ಚಿದ್ದಾರೆ. ವಿಸ್ತೀರ್ಣ 5,128 ಚದರ ಕಿಲೋಮೀಟರ್, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಅರ್ಧಕ್ಕೂ ಕಡಿಮೆ. ಮಾದಕ ವಸ್ತು ಸಾಗಿಸುವ ಅಂತರರಾಷ್ಟ್ರೀಯ ಗುಂಪುಗಳನ್ನು ತನ್ನ ಪುಟ್ಟ ಪೊಲೀಸ್ ಪಡೆಯಿಂದ, ಪುಟ್ಟ ಕೋರ್ಟುಗಳಿಂದ ಎದುರಿಸಲಾಗದೆ ಅದರ ಪ್ರಧಾನಿ ಎ. ಎನ್. ಆರ್. ರಾಬಿನ್ಸನ್ 1989ರಲ್ಲಿ ವಿಶ್ವಸಂಸ್ಥೆಯ ಮುಂದೆ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದ ಪ್ರಸ್ತಾವವನ್ನು ಮತ್ತೆ ಇಟ್ಟರು. ಮರುವರ್ಷ ಬಂದೂಕುಧಾರಿಗಳು ಅವರದೇ ಸಂಸತ್ತಿಗೆ ನುಗ್ಗಿ ಅವರನ್ನು ಒತ್ತೆಯಾಗಿಟ್ಟು ಕಾಲಿಗೆ ಗುಂಡು ಹೊಡೆದರು. ಅವರು ಬದುಕುಳಿದರು, ಪ್ರಸ್ತಾವವೂ ಉಳಿಯಿತು. ಬೋಸ್ನಿಯಾ, ರುವಾಂಡಾಗಳ ರಕ್ತಪಾತ ಕಂಡ ಮೇಲೆ ಲೋಕಕ್ಕೂ ಅದು ಬೇಕೆನಿಸಿತು.

1998ರ ಜುಲೈ 17ರಂದು ರೋಮ್ ನಗರದಲ್ಲಿ ನ್ಯಾಯಾಲಯದ ಶಾಸನ ಮತಕ್ಕೆ ಬಂತು. ಪರ 120, ವಿರೋಧ 7, ತಟಸ್ಥ 21. ತಟಸ್ಥರಲ್ಲಿ ಭಾರತವೂ ಒಂದು. 1946ರಲ್ಲಿ ಪನಾಮ, ಕ್ಯೂಬಾಗಳ ಪಕ್ಕದಲ್ಲಿ ಕೂತಿದ್ದ ದೇಶ ಐವತ್ತೆರಡು ವರ್ಷಗಳಲ್ಲಿ ಬೇರೆ ಸಾಲಿಗೆ ಹೋಗಿತ್ತು. ನಮ್ಮ ಪ್ರತಿನಿಧಿಗಳ ಆಕ್ಷೇಪಗಳೆಲ್ಲ ಹುರುಳಿಲ್ಲದವಲ್ಲ. ಐದು ದೊಡ್ಡ ದೇಶಗಳ ವೀಟೋ ಇರುವ ಭದ್ರತಾ ಮಂಡಳಿಗೆ ಪ್ರಕರಣ ಕಳುಹಿಸುವ, ತಡೆಯುವ ಅಧಿಕಾರ ಏಕೆ? ಅಣ್ವಸ್ತ್ರ ಬಳಕೆಯನ್ನು ಅಪರಾಧಗಳ ಪಟ್ಟಿಗೆ ಏಕೆ ಸೇರಿಸಲಿಲ್ಲ? ಭಯೋತ್ಪಾದನೆ ಏಕಿಲ್ಲ? ನ್ಯಾಯವಾದ ಪ್ರಶ್ನೆಗಳು. ಇನ್ನೊಂದು ಆಕ್ಷೇಪವಿತ್ತು: ದೇಶದೊಳಗಿನ ಸಂಘರ್ಷಗಳನ್ನು ಈ ನ್ಯಾಯಾಲಯದ ವ್ಯಾಪ್ತಿಗೆ ತರಬಾರದೆಂಬುದು. ಇಲ್ಲಿ ನನಗೆ ಮುತ್ಯಾನ ಹಗೇವು ನೆನಪಾಗಿ ಒಪ್ಪಲು ಮನಸ್ಸು ಬರುವುದಿಲ್ಲ. ಕಾಶ್ಮೀರ, ಹೈದರಾಬಾದುಗಳ ವಿಷಯದಲ್ಲಿ 1948ರಲ್ಲಿ ಭದ್ರತಾ ಮಂಡಳಿಯ ಕಟಕಟೆಯ ರುಚಿ ಕಂಡಿದ್ದ ನಮಗೆ ಆ ಭಯ ಅಂದೇ ಹತ್ತಿತೇನೋ. ಇದು ನನ್ನ ಊಹೆ ಮಾತ್ರ. ಟ್ರಿನಿಡಾಡ್ 1999ರ ಏಪ್ರಿಲ್‌ನಲ್ಲಿ, ಸೆನೆಗಲ್ ನಂತರ ಎರಡನೆಯದಾಗಿ, ಶಾಸನವನ್ನು ಅನುಮೋದಿಸಿತು. 2002ರ ಜುಲೈ 1ರಿಂದ ನ್ಯಾಯಾಲಯ ಹೇಗ್ ನಗರದಲ್ಲಿ ಇದೆ. ಭಾರತ ಅದರ ಸದಸ್ಯನಲ್ಲ. ಜನಾಂಗಹತ್ಯೆ ಒಡಂಬಡಿಕೆಯನ್ನು ನಾವು 1959ರಲ್ಲೇ ಅನುಮೋದಿಸಿದ್ದರೂ 2023ರ ಭಾರತೀಯ ನ್ಯಾಯ ಸಂಹಿತೆಯಲ್ಲೂ ಆ ಅಪರಾಧಕ್ಕೆ ಪ್ರತ್ಯೇಕ ಕಲಮು ಬರೆದಿಲ್ಲ.

ನಾನು ನಿವೃತ್ತನಾದ ವರ್ಷ, 2019ರ ನವೆಂಬರ್‌ನಲ್ಲಿ, ಪತ್ರಿಕೆಯ ಒಳಪುಟದಲ್ಲಿ ಒಂದು ಸಣ್ಣ ಸುದ್ದಿ ಓದಿದೆ. ಪಶ್ಚಿಮ ಆಫ್ರಿಕಾದ ಗ್ಯಾಂಬಿಯಾ ಎಂಬ ದೇಶ, ರೋಹಿಂಗ್ಯಾಗಳ ಮೇಲಿನ ದೌರ್ಜನ್ಯಕ್ಕಾಗಿ ಮ್ಯಾನ್ಮಾರಿನ ಮೇಲೆ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ಆ 1948ರ ಒಡಂಬಡಿಕೆಯಡಿಯಲ್ಲೇ ದಾವೆ ಹೂಡಿತ್ತು. ಇದು ಹೇಗ್‌ನಲ್ಲೇ ಇರುವ ಹಳೆಯ ನ್ಯಾಯಾಲಯ. ದೇಶಗಳನ್ನು ವಿಚಾರಿಸುತ್ತದೆ, ವ್ಯಕ್ತಿಗಳನ್ನಲ್ಲ. ಅಟ್ಲಾಸ್ ತೆಗೆದು ನೋಡಿದೆ. ಗ್ಯಾಂಬಿಯಾದ ವಿಸ್ತೀರ್ಣ ಸುಮಾರು ಹನ್ನೊಂದು ಸಾವಿರ ಚದರ ಕಿಲೋಮೀಟರ್, ಜನಸಂಖ್ಯೆ ಇಪ್ಪತ್ತೈದು ಲಕ್ಷದ ಆಸುಪಾಸು. 2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯದೂ ಹೆಚ್ಚುಕಡಿಮೆ ಅಷ್ಟೇ. ನಮ್ಮ ಜಿಲ್ಲೆಯ ತಾಲ್ಲೂಕುಗಳೆಲ್ಲ ಕೂಡಿ ಹೇಗ್‌ಗೆ ಹೋಗಿ ಕೇಸು ಹಾಕಿದಂತೆ! ಆಗ ಅಲ್ಲಿನ ನ್ಯಾಯ ಮಂತ್ರಿಯಾಗಿದ್ದ ಅಬೂಬಕರ್ ತಂಬದೂ ರುವಾಂಡಾ ನ್ಯಾಯಮಂಡಳಿಯಲ್ಲಿ ಕೆಲಸ ಮಾಡಿದವರು. 2018ರಲ್ಲಿ ಬಾಂಗ್ಲಾದೇಶದ ನಿರಾಶ್ರಿತರ ಶಿಬಿರಕ್ಕೆ ಹೋಗಿ ಕಥೆಗಳನ್ನು ಕಿವಿಯಾರೆ ಕೇಳಿದ್ದರು. ನಿನಗೇನು ನಷ್ಟವಾಗಿದೆ, ನೀನೇಕೆ ಬಂದೆ ಎಂಬುದು ಮ್ಯಾನ್ಮಾರಿನ ಆಕ್ಷೇಪಗಳಲ್ಲೊಂದು. 2022ರ ಜುಲೈ 22ರಂದು ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಒಡಂಬಡಿಕೆಗೆ ಸೇರಿದ ಯಾವ ದೇಶವಾದರೂ ಕೇಳಬಹುದು ಎಂದಿತು. ಆ ಪೀಠದಲ್ಲಿ ಭಾರತದ ನ್ಯಾಯಮೂರ್ತಿ ದಲವೀರ್ ಭಂಡಾರಿಯವರೂ ಇದ್ದರು. ಆದರೆ ಭಾರತದ ವಿರುದ್ಧ ಹೀಗೆ ಯಾರೂ ಹೋಗಲಾರರು. ನಮ್ಮ ಒಪ್ಪಿಗೆಯಿಲ್ಲದೆ ಆ ನ್ಯಾಯಾಲಯಕ್ಕೆ ಎಳೆಯಬಾರದೆಂದು ಅನುಮೋದನೆಯ ಸಮಯದಲ್ಲೇ ಷರತ್ತು ಹಾಕಿದ್ದೇವೆ.

ಕಳೆದ ಸೆಪ್ಟೆಂಬರ್ 17ರಂದು ನನ್ನ ಹಳೆಯ ಶಾಲೆಯವರು ಅತಿಥಿಯಾಗಿ ಕರೆದಿದ್ದರು. ಈಗ ಅದು ಕಲ್ಯಾಣ ಕರ್ನಾಟಕ ಉತ್ಸವ. ಈ ಸಲ ಭಾಷಣವನ್ನು ಸೆಪ್ಟೆಂಬರ್ 17ಕ್ಕೆ ನಿಲ್ಲಿಸಲಿಲ್ಲ. ಡಿಸೆಂಬರ್ 21ರವರೆಗೆ ಒಯ್ದೆ. ಹಗೇವಿನ ಎರಡೂ ರಾತ್ರಿಗಳನ್ನು ಹೇಳಿದೆ. ಮುಖ್ಯೋಪಾಧ್ಯಾಯರು ಎರಡು ಸಲ ಗಡಿಯಾರ ನೋಡಿಕೊಂಡರು. ಮುಗಿದ ಮೇಲೆ ಒಬ್ಬ ಹುಡುಗಿ ಬಂದು, ಹಗೇವು ಅಂದರೇನ್ರಿ ಸರ್ ಎಂದು ಕೇಳಿದಳು. ಈಗಿನ ಮಕ್ಕಳು ಅದನ್ನು ನೋಡಿಲ್ಲ. ನೆಲದೊಳಗೆ ಜೋಳ ತುಂಬಿಡುವ ಕುಣಿ, ಬಾಯಿ ಸಣ್ಣದು, ಹೊಟ್ಟೆ ದೊಡ್ಡದು ಎಂದು ಕೈಯಲ್ಲಿ ತೋರಿಸಿದೆ. ಎಷ್ಟು ಮಂದಿ ಹಿಡಿಸ್ತಾರ್ರಿ ಅದರಾಗ ಎಂದು ಕೇಳಿದಳು. ನಮ್ಮ ಮನೆಯದರಲ್ಲಿ ಏಳು ಮಂದಿ ಎಂದೆ.